ಹಿಂದಿನ ಗೋಡೆ

ಟೇಪು ಚಟ್ಟೆಂದು ತನ್ನ ಡಬ್ಬಿಯೊಳಗೆ ಓಡಿಹೋಯಿತು, ಎಂಥ ಸುಖ ಅದಕ್ಕೆ, ಅಳೆಯುವಷ್ಟು ಅಳೆದು ಒಳಗೆ ಸುತ್ತಿಕೊಂಡು ಕೂತುಬಿಟ್ಟಿತು, ಯಾಕೆ ಸುಮ್ನಿದ್ದೀಯಾ, ಹುಷಾರಿಲ್ವಾ, ಯಾರ ಮೇಲೆ ಕೋಪ ಎಂದು ಯಾರೂ ಅದನ್ನು ಕೇಳುವುದಿಲ್ಲ — ಗಾಜಿನವನು ಮತ್ತೆ ಎಳೆದ, ಮತ್ತೆ ಚಟ್, ಗೋಡೆಯ ಮೇಲೊಂದು ಗೀಟು, ಗೀಟು ಹಾಕಿದ ಪೆನ್ಸಿಲ್ಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡ, ಅಯ್ಯೋ ಪುಣ್ಯಾತ್ಮ, ಎಲ್ಲಾದರೂ ಇಟ್ಟುಕೋ, ಅಲ್ಲಿ ಮಾತ್ರ ಬೇಡ, ಅದು ಅಪ್ಪನ ಜಾಗ. ನನ್ನ ಕೈಯಲ್ಲಿ ಕತ್ತರಿ, ಕತ್ತರಿಯ ಬಾಯಲ್ಲಿ ಅಕ್ಕನ ಕೂದಲು. ಇವತ್ತು ಪಾರ್ಲರಿಗೆ ರಜ, ಶಟರ್ ಅರ್ಧ ಎಳೆದಿದೆ, ಒಳಗೆ ನಾವು ಮೂವರೇ, ನನ್ನ ಕುರ್ಚಿಯಲ್ಲಿ ಅಕ್ಕ, ಅಕ್ಕನ ಹಿಂದೆ ನಾನು, ನನ್ನ ಹಿಂದೆ ಗೋಡೆ, ಗೋಡೆಯ ಮೇಲೆ ನಾನು ಬರೆದ ಚಿತ್ರಗಳು, ಒಂದೊಂದನ್ನೇ ಮೊಳೆಯಿಂದ ಬಿಡಿಸಿ ನೆಲಕ್ಕೆ ಇಳಿಸುತ್ತಿರುವ ಗಾಜಿನವನು — ಇದನ್ನೆಲ್ಲ ನಾನು ತಿರುಗಿ ನೋಡಬೇಕಾಗಿಲ್ಲ, ಎದುರಿನ ದೊಡ್ಡ ಕನ್ನಡಿಯಲ್ಲಿ ಕಾಣುತ್ತಲೇ ಇದೆ. ಬಾಗಿಲ ಕಡೆಯಿಂದ ಶುರು ಮಾಡಿದ್ದಾನೆ, ಅಲ್ಲಿ ಗೋಡೆ ಆಗಲೇ ಬೋಳಾಗಿದೆ, ಚಿತ್ರವಿದ್ದ ಕಡೆ ಮಾತ್ರ ಬಣ್ಣ ಮಾಸದ ಚೌಕಗಳು. ಆ ಗೋಡೆಗೆ ಹೊಸ ಕನ್ನಡಿ ಬರುತ್ತದೆ, ನೆಲದಿಂದ ಸೂರಿನವರೆಗೆ, ಅಂಗಡಿ ಎರಡರಷ್ಟು ಕಾಣುತ್ತೆ ಕಣೇ, ಅಕ್ಕ ಹೇಳಿದ್ದು ಹೋದ ವಾರ ಊಟಕ್ಕೆ ಕೂತಾಗ, ನಿನ್ನ ಚಿತ್ರಾನೆಲ್ಲ ಜೋಪಾನವಾಗಿ ಅಟ್ಟದ ಮೇಲೆ ಇಡೋಣ, ಏನಂತೀಯಾ, ನಾನು ಏನನ್ನಲಿ, ಬಾಯಲ್ಲಿ ತುತ್ತಿತ್ತು, ತುತ್ತು ನುಂಗಿ, ಬೇಡ ಎಂಬ ಮಾತು ಹೊಟ್ಟೆಯಿಂದ ಹೊರಟು ಎದೆ ದಾಟಿ ಗಂಟಲಿಗೆ ಬರುವಷ್ಟರಲ್ಲಿ ಅಕ್ಕ ಕೈ ತೊಳೆದುಕೊಂಡು ಬಂದಿದ್ದಳು, ಸರಿ ಹಾಗಾದ್ರೆ, ಮೌನಂ ಸಮ್ಮತಿ ಲಕ್ಷಣಂ, ಗಾಜಿನವನಿಗೆ ಫೋನ್ ಮಾಡ್ತೀನಿ. ನನ್ನ ಮಾತು ಯಾವಾಗಲೂ ಬಸ್ಸು ಹೋದ ಮೇಲೆ ಸ್ಟಾಪಿಗೆ ಬರುತ್ತದೆ. ಆ ಬೇಡ ಇನ್ನೂ ಗಂಟಲಲ್ಲೇ ಕೂತಿದೆ, ಈಗಲೂ ಹೇಳಬಹುದು, ಅವನು ನಡುವಿನ ಚಿತ್ರಕ್ಕೆ ಕೈ ಹಾಕುವುದರೊಳಗೆ ಹೇಳಬೇಕು.

ಅಕ್ಕ ಮಾತಾಡುತ್ತಿದ್ದಾಳೆ, ಅಕ್ಕ ಯಾವಾಗಲೂ ಮಾತಾಡುತ್ತಿರುತ್ತಾಳೆ, ಗಾಜಿನವನ ಹತ್ತಿರ ಗಾಜಿನ ದಪ್ಪದ ಬಗ್ಗೆ, ಅವನ ಮಂಡಿನೋವಿನ ಬಗ್ಗೆ, ಅವನು ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಹೂಂ ಮೇಡಂ ಹೂಂ ಮೇಡಂ ಅನ್ನುತ್ತಾನೆ, ನನ್ನ ಹತ್ತಿರ ತನ್ನ ತಲೆಯ ಬಗ್ಗೆ, ಧೈರ್ಯವಾಗಿ ಕತ್ತರಿಸೇ, ಹೊಸ ಅಂಗಡಿಗೆ ಹೊಸ ತಲೆ, ಹಿಂದೆಲ್ಲ ಪೂರ್ತಿ ಗಿಡ್ಡ ಮಾಡು, ಗಿರಾಕಿಗಳು ನೋಡಿ ದಂಗಾಗಬೇಕು. ಚಿಕ್ಕಂದಿನಿಂದ ಬೆನ್ನು ತುಂಬ ಕೂದಲು ಅವಳಿಗೆ, ತುದಿ ಮಾತ್ರ ಸವರುತ್ತಿದ್ದೆ ನಾನು, ಅದೂ ಮನೆಯಲ್ಲಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಸ್ಟವ್ ಮೇಲೆ ಹಾಲಿಟ್ಟು ನಾನು ಕತ್ತರಿಸುತ್ತಿದ್ದರೆ ಅವಳು ಹಾಲಿಗೂ ಬುದ್ಧಿ ಹೇಳುತ್ತಿದ್ದಳು, ಉಕ್ಕಬೇಡ, ತಡಿ ತಡಿ. ಪಾರ್ಲರಿನಲ್ಲಿ ಈ ಕುರ್ಚಿಯಲ್ಲಿ ಅವಳು ಕೂತದ್ದೇ ಇವತ್ತು ಮೊದಲು, ಒಡತಿಗೆ ಕೂರಲು ಪುರುಸೊತ್ತೆಲ್ಲಿ, ಬಾಗಿಲಿಗೂ ಫೋನಿಗೂ ಓಡಾಡುತ್ತಲೇ ಇರುತ್ತಾಳೆ. ಅಮ್ಮನೂ ಹೀಗೇ ಇದ್ದಳು. ಈ ಮನೇಲಿ ಮಾತಾಡೋದು ನಾನು, ನನ್ನ ದೊಡ್ಡ ಮಗಳು, ಮಿಕ್ಕಿದ್ದು ಎರಡು ಗೋಡೆ, ಎಂದು ಬಂದವರೆದುರಿಗೆಲ್ಲ ಹೇಳುತ್ತಿದ್ದಳು, ಒಂದು ಗೋಡೆ ಅಪ್ಪ, ಇನ್ನೊಂದು ನಾನು, ಅಪ್ಪನಿಗೆ ಆ ಹೆಸರು ಅಂಟಲಿಲ್ಲ, ನನಗೆ ಅಂಟಿತು, ಶಾಲೆಯಲ್ಲೂ ಗೋಡೆ, ಬೀದಿಯಲ್ಲೂ ಗೋಡೆ, ಈಗಲೂ ಹಳೇ ಗಿರಾಕಿಗಳು ಗೋಡೆ ಇದ್ದಾಳಾ ಎಂದೇ ಫೋನು ಮಾಡುತ್ತಾರೆ. ಅಕ್ಕನಿಗೆ ನನ್ನದೇ ಚಿಂತೆ, ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಕಣೇ, ನಿನಗೆ ಬಾಯೇ ಇಲ್ಲವಲ್ಲ, ನಾನಿಲ್ದಿದ್ರೆ ನಿನ್ನ ಗತಿ ಏನು, ಹಾಗಂದವಳೇ ಈ ಪಾರ್ಲರ್ ತೆಗೆದಳು, ನನಗೊಂದು ಕುರ್ಚಿ ಕೊಟ್ಟಳು, ಕುರ್ಚಿಯ ಜೊತೆಗೆ ತನ್ನ ಬಾಯನ್ನೂ ಕೊಟ್ಟಳು, ಯಾರು ಏನು ಕೇಳಿದರೂ ನನ್ನ ಪರವಾಗಿ ಅವಳದೇ ಉತ್ತರ, ಅವಳಿಗೆ ತಲೆನೋವು, ಅವಳು ಸಿನಿಮಾ ನೋಡಲ್ಲ, ಅವಳು ಹೂಂ ಅಂದಳು — ಅಂದಿರಲಿಲ್ಲ, ಆದರೂ ಅಂದ ಹಾಗೆಯೇ ಲೆಕ್ಕ. ಪ್ರೀತಿಯೇ ಅದು, ಅನುಮಾನವಿಲ್ಲ, ನನ್ನ ಪಾಲಿನ ಮಾತನ್ನೂ ಅವಳೇ ಆಡಿ ಆಡಿ ಅವಳ ಗಂಟಲು ಒಡೆದಿದೆ. ಒಮ್ಮೆ ನನ್ನನ್ನು ವ್ಯಕ್ತಿತ್ವ ವಿಕಸನ ಶಿಬಿರಕ್ಕೂ ಸೇರಿಸಿದಳು, ಕಿವಿಗೆ ಮೈಕು ಸಿಕ್ಕಿಸಿಕೊಂಡ ಒಬ್ಬ ಮನುಷ್ಯ ಎಲ್ಲರನ್ನೂ ನಿಲ್ಲಿಸಿ ಗಟ್ಟಿಯಾಗಿ ಹೇಳಿ ನಾನು ಸಿಂಹ, ಇನ್ನೂ ಗಟ್ಟಿಯಾಗಿ ನಾನು ಸಿಂಹ ಎಂದ, ದರ್ಜಿಯೊಬ್ಬ ಸಿಂಹವಾದ, ಬ್ಯಾಂಕಿನ ಹೆಂಗಸು ಸಿಂಹವಾದಳು, ನನ್ನ ಸರದಿ ಬಂದಾಗ ನಾನು ಅವನ ಹಿಂದಿನ ಕಿಟಕಿ ಗಾಜಿನಲ್ಲಿ ಅವನ ಕತ್ತು ನೋಡುತ್ತಿದ್ದೆ, ಕಾಲರಿನಿಂದ ಅಂಗಿಯ ಲೇಬಲ್ಲು ಹೊರಗೆ ಇಣುಕುತ್ತಿತ್ತು, ಊರಿಗೆಲ್ಲ ಸಿಂಹವಾಗು ಎನ್ನುವವನಿಗೆ ಹಿಂದಿನಿಂದ ಅದನ್ನು ಒಳಗೆ ತಳ್ಳುವವರು ಯಾರೂ ಇಲ್ಲವಲ್ಲ ಎಂದು ಅಯ್ಯೋ ಅನ್ನಿಸಿತು, ಬಾಯಿಂದ ಮಾತ್ರ ಗರ್ಜನೆ ಬರಲಿಲ್ಲ. ಮನೆಗೆ ಬಂದು ಆ ಲೇಬಲ್ಲನ್ನು, ಆ ಕತ್ತನ್ನು ಬರೆದೆ. ಅದೂ ಈ ಗೋಡೆಯ ಮೇಲಿತ್ತು, ಈಗಷ್ಟೇ ಗಾಜಿನವನು ಅದನ್ನು ಇಳಿಸಿದ, ಮುಖ ಗೋಡೆಗೆ ಮಾಡಿ ಒರಗಿಸಿದ.

ಹಿಂಗತ್ತುಗಳು, ಬರೀ ಹಿಂಗತ್ತುಗಳು, ಇದೇನ್ರೀ ಮೇಡಂ, ಒಂದಕ್ಕೂ ಮುಖ ಇಲ್ಲ, ಎಲ್ಲರೂ ಮುನಿಸಿಕೊಂಡು ಆ ಕಡೆ ತಿರುಗಿರೋ ಹಾಗಿದೆ, ಗಾಜಿನವನು ಮೊಳೆ ಉಗಿದು ಕೇಳುತ್ತಾನೆ, ಅಕ್ಕ ನಗುತ್ತಾಳೆ, ನಮ್ಮ ಗೋಡೆ ಕೆಲಸ ಅದು, ಅವಳು ನಿಲ್ಲೋದೇ ಹಿಂದೆ, ಕಂಡಿದ್ದು ಬರೀತಾಳೆ. ಕಂಡದ್ದನ್ನೇ, ಹೌದು, ಬೇರೇನನ್ನು ಬರೆಯಲಿ. ಮುಖವನ್ನು ಜನ ತಯಾರು ಮಾಡಿಕೊಂಡು ತರುತ್ತಾರೆ, ಕನ್ನಡಿಯ ಮುಂದೆ ಕೂತ ಕೂಡಲೇ ಗಲ್ಲ ಎತ್ತುತ್ತಾರೆ, ತುಟಿ ಬಿಗಿಯುತ್ತಾರೆ, ಕತ್ತಿನ ಹಿಂಭಾಗಕ್ಕೆ ನಾಟಕ ಗೊತ್ತಿಲ್ಲ, ದಣಿದಿದ್ದರೆ ದಣಿದಿರುತ್ತದೆ, ಹೆದರಿದ್ದರೆ ಅಲ್ಲಿನ ಸಣ್ಣ ಕೂದಲು ಒದ್ದೆಯಾಗಿರುತ್ತದೆ, ಅತ್ತು ಬಂದವರ ಕತ್ತು ಒಂದು ಬಗೆ ಬಾಗಿರುತ್ತದೆ, ನಾನು ಕೇಳುವುದಿಲ್ಲ, ಬಾಚಣಿಗೆಯನ್ನು ಸ್ವಲ್ಪ ನಿಧಾನ ಮಾಡುತ್ತೇನೆ, ಅಷ್ಟೇ. ಟೀಚರಮ್ಮ ಬರುತ್ತಾರಲ್ಲ, ಇಡೀ ದಿನ ಮಕ್ಕಳ ಮುಂದೆ ಕೂಗಿ ಕೂಗಿ, ನಿನ್ನ ಕುರ್ಚೀಲಿ ಕೂತ್ರೆ ನನ್ನ ಕಿವಿಗೆ ರಜ ಕಣಮ್ಮ ಎಂದು ಕಣ್ಣು ಮುಚ್ಚುತ್ತಾರೆ, ಪಕ್ಕದ ಕುರ್ಚಿ ಖಾಲಿ ಇದ್ದರೂ ನನಗಾಗಿ ಕಾಯುತ್ತಾರೆ, ಅಂಥವರು ಇನ್ನೂ ಕೆಲವರಿದ್ದಾರೆ, ಅಕ್ಕ ಗಮನಿಸಿಲ್ಲ, ಸದ್ದು ಮಾಡದೆ ಬರುವವರನ್ನು ಅಕ್ಕ ಗಮನಿಸುವುದಿಲ್ಲ. ಟೀಚರಮ್ಮನ ಕತ್ತನ್ನು ಬರೆದು ಹಾಕಿದಾಗ ಅವರು ನೋಡಿ, ಯಾರಮ್ಮ ಇದು, ಪಾಪ, ತುಂಬ ಸುಸ್ತಾಗಿರೋ ಹೆಂಗಸು ಅಂದರು, ಕರೆದೊಯ್ಯಲು ಬಂದ ಅವರ ಯಜಮಾನರು ಬಾಗಿಲಲ್ಲೇ ನಿಂತು, ನೀನೇ ಕಣೇ ಅದು, ಮದುವೆ ಆದಾಗಿಂದ ನಿನ್ನ ಹಿಂದೇನೇ ನಡೀತಿದ್ದೀನಿ, ನನಗೆ ಗೊತ್ತಾಗಲ್ವಾ. ಟೀಚರಮ್ಮ ನಕ್ಕರು, ಆಮೇಲೆ ನಗು ನಿಲ್ಲಿಸಿ ತುಂಬ ಹೊತ್ತು ನೋಡಿದರು, ಹೋಗುವಾಗ ಯಜಮಾನರ ಕೈ ಹಿಡಿದುಕೊಂಡಿದ್ದರು. ತನ್ನ ಹಿಂಗತ್ತು ಯಾರಿಗೂ ಗೊತ್ತಿರುವುದಿಲ್ಲ, ಹಿಂದೆ ನಿಂತವರಿಗೆ ಗೊತ್ತಿರುತ್ತದೆ, ಹಿಂದೆ ನಿಲ್ಲುವುದೂ ಒಂದು ಕೆಲಸ ಅಂತ ಆವತ್ತು ನನಗೆ ಬಾಯಿಬಿಟ್ಟು ಹೇಳಬೇಕೆನಿಸಿತ್ತು. ಇನ್ನೊಂದು ಸಂಗತಿ ಯಾರಿಗೂ ಹೇಳಿಲ್ಲ, ಚಿತ್ರಗಳನ್ನೆಲ್ಲ ನಾನು ತಿರುಗಾಮುರುಗಾ ಬರೆದಿದ್ದೇನೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಯಾಕೆಂದರೆ ಅವು ನಡೆದಾಡುವವರಿಗಲ್ಲ, ಕುರ್ಚಿಯಲ್ಲಿ ಕೂತವರಿಗೆ, ಕೂತವರಿಗೆ ಆ ಗೋಡೆ ಕನ್ನಡಿಯಲ್ಲಿ ತಾನೇ ಕಾಣುವುದು, ಕನ್ನಡಿ ಅದನ್ನು ಮತ್ತೆ ತಿರುಗಿಸಿ ಸರಿ ಮಾಡಿ ಕೊಡುತ್ತದೆ. ನೇರ ನೋಡಿದವರಿಗೆ ಉಲ್ಟಾ, ಕೂತು ನೋಡಿದವರಿಗೆ ಸರಿ. ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಮಾತ್ರ ಸರಿ ಕಾಣುವ ಗೋಡೆ ಅದು. ಅಕ್ಕ ಓಡಾಡುತ್ತಲೇ ನೋಡಿದ್ದಾಳೆ, ಅವಳ ಪಾಲಿಗೆ ಅವೆಲ್ಲ ಯಾರದೋ ಕತ್ತುಗಳು, ನಡುವಿನದನ್ನೂ ಸೇರಿಸಿ.

ನಡುವಿನದು ಅಪ್ಪನದು. ಬರೆದದ್ದು ಅಪ್ಪನ ಪೆನ್ಸಿಲ್ಲಿನಿಂದಲೇ, ಬಡಗಿಯ ಚಪ್ಪಟೆ ಪೆನ್ಸಿಲ್ಲು, ಕೆಂಪು ಬಣ್ಣದ್ದು, ಮರದ ಮೇಲೆ ಗೀಟು ಹಾಕಿ ಹಾಕಿ ಮೋಟಾದ ಮೇಲೆ ಅಪ್ಪ ಅದನ್ನು ನನ್ನ ತಟ್ಟೆಯ ಪಕ್ಕ ಇಡುತ್ತಿದ್ದ, ತಗೋ ಎಂದು ಕೂಡ ಹೇಳುತ್ತಿರಲಿಲ್ಲ, ನಾನೂ ತಗೊಂಡೆ ಎನ್ನುತ್ತಿರಲಿಲ್ಲ, ಅಮ್ಮ ಅಕ್ಕ ಇಬ್ಬರೂ ಮಾತಿನ ಭರದಲ್ಲಿರುವಾಗ ತಟ್ಟೆಯ ಪಕ್ಕದಿಂದ ಪೆನ್ಸಿಲ್ಲು ಮಾಯವಾಗುತ್ತಿತ್ತು, ಇಡೀ ಮನೆಯಲ್ಲಿ ನಮ್ಮಿಬ್ಬರ ಸಂಭಾಷಣೆ ಅಂದರೆ ಅದು. ಮತ್ತೆ ಸೈಕಲ್ಲು. ಮುಂದಿನ ಬಾರಿನ ಮೇಲೆ ಅಕ್ಕ, ಹಿಂದಿನ ಕ್ಯಾರಿಯರ್ ಮೇಲೆ ನಾನು, ನಡುವೆ ಅಪ್ಪ, ಶಾಲೆಯಿಂದ ಮನೆಗೆ, ಅಕ್ಕ ತಲೆ ಹಿಂದಕ್ಕೆ ವಾಲಿಸಿ ಅಪ್ಪನ ಗಲ್ಲ ನೋಡುತ್ತಾ ಮಾತಾಡುತ್ತಿದ್ದಳು, ಅಪ್ಪಾ ಇವತ್ತು ಟೀಚರ್ ನನ್ನ ಎಬ್ಬಿಸಿ ಓದಿಸಿದ್ರು, ಅಪ್ಪಾ ಅವನಿಗೆ ಏಟು ಬಿತ್ತು, ಅಪ್ಪಾ ಕೇಳ್ತಿದ್ದೀಯಾ, ಅಪ್ಪ ಹೂಂ, ಹೂಂ, ಹೂಂ, ನನ್ನ ಕಣ್ಣಿಗೆ ಬರೀ ಹಿಂಗತ್ತು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಗಿಡ್ಡ ಕೂದಲು, ಕೂದಲು ಮುಗಿಯುವಲ್ಲಿ ಎಡಕ್ಕೆ ತಿರುಗಿದ ಒಂದು ಸುಳಿ, ಸುಳಿಯ ಕೆಳಗೆ ಎರಡು ಗೆರೆ, ಗೆರೆಗಳೊಳಗೆ ಮರದ ಹೊಟ್ಟು, ಹಳದಿ, ನುಣ್ಣಗೆ, ಬೆವರಿಗೆ ಅಂಟಿಕೊಂಡದ್ದು, ಎಷ್ಟು ಕೊಡವಿಕೊಂಡರೂ ಅಲ್ಲಿಯದು ಹೋಗುತ್ತಿರಲಿಲ್ಲ, ಅಲ್ಲಿಗೆ ಅವನ ಕಣ್ಣಿಲ್ಲ ಅಲ್ಲವೇ. ಒಂದು ದಿನ ನಾನು ಊದಿದೆ. ಸುಮ್ಮನೆ, ಫೂ ಎಂದು, ಆ ಎರಡು ಗೆರೆಗೆ. ಅಪ್ಪನ ಭುಜಗಳೆರಡೂ ಕಿವಿಯವರೆಗೆ ಹಾರಿದವು, ಸೈಕಲ್ಲು ಆ ಕಡೆ ಈ ಕಡೆ ವಾಲಿತು, ಮುಂದೆ ಅಕ್ಕ ಕಿಟಾರನೆ ಕಿರುಚಿದಳು, ಅಪ್ಪಾ ನೆಟ್ಟಗೆ ಓಡಿಸು, ಬೀಳ್ತೀನಿ, ಅಪ್ಪ ತಿರುಗಿ ನೋಡಲಿಲ್ಲ, ಆದರೆ ಬೆನ್ನು ನಗುತ್ತಿತ್ತು, ಬೆನ್ನು ನಗುವುದನ್ನು ನಾನು ಕಂಡದ್ದು ಆವತ್ತೇ. ಆಮೇಲೆ ದಿನಾ ಅದೇ ಆಟ, ಹೊಂಡವಿಲ್ಲದ ರಸ್ತೆಯಲ್ಲಿ ಫೂ, ಸೈಕಲ್ಲು ವಾಲಬೇಕು, ಅಕ್ಕ ಕಿರುಚಬೇಕು, ಅಮ್ಮನ ಹತ್ತಿರ ಅವಳು ದೂರು ಹೇಳಬೇಕು, ಅಮ್ಮಾ, ಅಪ್ಪನಿಗೆ ಸೈಕಲ್ ಓಡಿಸೋಕೇ ಬರಲ್ಲ. ಅಪ್ಪ ಗುಟ್ಟು ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಪ್ಪ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಸ್ಟುಡಿಯೋ ಫೋಟೋ ಒಂದೇ, ಫೋಟೋದವನು ಸ್ವಲ್ಪ ನಗೀ ಸಾರ್ ಎಂದು ಬಲವಂತ ಮಾಡಿ ತೆಗೆದದ್ದು, ಹಲ್ಲುನೋವು ಬಂದವನ ಹಾಗಿದ್ದಾನೆ ಅದರಲ್ಲಿ, ಅಕ್ಕ ಅದರ ಮುಂದೆ ನಿಂತು, ನೋಡೇ, ಅಪ್ಪ ಮರೆತುಹೋಗ್ತಿದಾರೆ ನನಗೆ, ಈ ಫೋಟೋ ನೋಡಿದಷ್ಟೂ ಮರೆತುಹೋಗ್ತಿದಾರೆ ಎಂದು ಒಮ್ಮೆ ಅತ್ತಳು, ಆಗಲೇ ಹೇಳಬೇಕಿತ್ತು, ಪಾರ್ಲರಿಗೆ ಬಾ, ಕೂತುಕೋ, ತೋರಿಸುತ್ತೇನೆ — ಬಸ್ಸು ಹೋಗಿತ್ತು. ನಾನು ಪೆನ್ಸಿಲ್ಲು ತೆಗೆದುಕೊಂಡೆ, ಬರೆದು ನಡುವಿನ ಮೊಳೆಗೆ ಹಾಕಿದೆ, ಅವಳೇ ನೋಡಲಿ ಎಂದು. ಅವಳು ಕೆಳಗೆ ನಿಂತು ಫೋನಿನಲ್ಲಿ ಮಾತಾಡುತ್ತಾ ನೋಡಿದಳು, ಇದ್ಯಾರೇ, ಗಂಡಸಿನ ಕತ್ತು, ಲೇಡೀಸ್ ಪಾರ್ಲರಿನಲ್ಲಿ, ಎಂದು ನಕ್ಕು ಮುಂದೆ ಹೋದಳು. ಅವಳದು ತಪ್ಪೇನು, ಬಾರಿನ ಮೇಲೆ ಕೂತವಳು ಅವಳು, ಅವಳ ಅಪ್ಪನಿಗೆ ಗಲ್ಲ ಇತ್ತು, ಮೂಗಿನ ಹೊಳ್ಳೆಗಳಿದ್ದವು, ಹಿಂಗತ್ತು ಇರಲಿಲ್ಲ. ನೋವಾಯಿತು ಆದರೂ, ಸುಳ್ಳು ಯಾಕೆ ಹೇಳಲಿ, ವಾರಗಟ್ಟಲೆ ನೋವಾಯಿತು.

ಕತ್ತರಿ ತನ್ನಷ್ಟಕ್ಕೆ ನಡೆಯುತ್ತಿದೆ, ಅದಕ್ಕೆ ದಾರಿ ಗೊತ್ತು, ಉದ್ದ ಕೂದಲೆಲ್ಲ ನೆಲದ ಮೇಲೆ ರಾಶಿ ಬಿದ್ದಿದೆ, ಅಕ್ಕ ತಲೆ ಬಗ್ಗಿಸು ಎಂದು ಬೆರಳಿನಿಂದಲೇ ಹೇಳಿದೆ, ಬಗ್ಗಿಸಿದಳು, ಮಾತು ಮಾತ್ರ ಬಗ್ಗಲಿಲ್ಲ, ಗಾಜಿನವರೇ, ಅಂಚು ಚೆನ್ನಾಗಿ ಉಜ್ಜಿ, ಗಿರಾಕಿಗಳ ಕೈ ಕುಯ್ಯಬಾರದು, ಹೂಂ ಮೇಡಂ, ಇನ್ನೊಂದು ಚಿತ್ರ ಇಳಿಯಿತು, ನಡುವಿನದಕ್ಕೆ ಇನ್ನೊಂದೇ ಬಾಕಿ, ಹೇಳು, ಈಗ ಹೇಳು, ಬೇಡ ಅನ್ನು, ಎರಡೇ ಅಕ್ಷರ, ಮಗುವಿಗೂ ಬರುತ್ತದೆ — ಬಾಚಣಿಗೆಯಿಂದ ಕೆಳಗಿನ ಕೂದಲೆತ್ತಿ ಸಣ್ಣಗೆ ಸವರುತ್ತಾ ಬಂದೆ, ಭಾರವಿಳಿದ ಕೂದಲು ತನ್ನ ಇಷ್ಟದ ಕಡೆಗೆ ಏಳುತ್ತದೆ, ಎಲ್ಲರದೂ ಏಳುತ್ತದೆ, ಅಕ್ಕನದು ಎದ್ದು ಎಡಕ್ಕೆ ತಿರುಗಿತು. ನೀರು ಹೊಡೆದು ಬಾಚಿದೆ. ಮತ್ತೆ ಎಡಕ್ಕೆ ತಿರುಗಿತು. ಸುಳಿ. ಅದರ ಕೆಳಗೆ, ವಯಸ್ಸು ಯಾವಾಗ ತಂದಿಟ್ಟಿತೋ, ಜಡೆಯ ಮರೆಯಲ್ಲಿ ಯಾರಿಗೂ ಕಾಣದಂತೆ ಎರಡು ಗೆರೆ. ನನ್ನ ಕತ್ತರಿ ನಿಂತಿತು. ಅಲ್ಲಿದ್ದೀಯಾ, ಅಪ್ಪ, ಇಷ್ಟು ದಿನ ಅಕ್ಕನ ಜಡೆಯ ಕೆಳಗೆ ಸುಮ್ಮನೆ ಕೂತಿದ್ದೀಯಾ, ಇಡೀ ಊರಿಗೆ ಮಾತಾಡುವವಳ ಬೆನ್ನ ಮೇಲೆ, ತುಟಿ ಪಿಟಕ್ ಎನ್ನದೆ. ಗೆರೆಗಳೊಳಗೆ ಕತ್ತರಿಸಿದ ಕೂದಲ ಪುಡಿ ಅಂಟಿಕೊಂಡಿದೆ. ಮೇಡಂ, ಇದೂ ತೆಗೆದುಬಿಡ್ಲಾ, ಗಾಜಿನವನು ಕೇಳುತ್ತಿದ್ದಾನೆ, ಅವನ ಎರಡೂ ಕೈ ನಡುವಿನ ಚಿತ್ರದ ಅಂಚಿನ ಮೇಲೆ, ಹೂಂ ತೆಗೀರಿ, ಎಲ್ಲಾನೂ ತೆಗೀರಿ, ಅಕ್ಕ ತಲೆ ಬಗ್ಗಿಸಿಕೊಂಡೇ ಹೇಳುತ್ತಾಳೆ, ಬೇಡ ಗಂಟಲಿಗೆ ಬಂತು, ನಾಲಗೆಗೆ ಬಂತು, ಹಲ್ಲಿನ ಹಿಂದೆ ನಿಂತಿತು, ಬರಲಿಲ್ಲ, ಕೈ ಹೋಯಿತು, ಕೈಗನ್ನಡಿಗೆ ಹೋಯಿತು, ಎಲ್ಲ ಗಿರಾಕಿಗೂ ಕೊನೆಗೆ ಮಾಡುವುದು ಅದನ್ನೇ ತಾನೇ, ಹಿಂದೆ ಹಿಡಿದು ತೋರಿಸುವುದು, ಅವಳ ಗಲ್ಲ ಹಿಡಿದು ತಲೆ ಎತ್ತಿಸಿದೆ, ಕೈಗನ್ನಡಿಯನ್ನು ಅವಳ ಕತ್ತಿನ ಹಿಂದೆ ಹಿಡಿದೆ. ಅಯ್ಯೋ, ಇದೇನೇ, ನನ್ನ ಕತ್ತು ಹೀಗಿದೆಯಾ, ಗಂಡಸರ ಕತ್ತಿನ ಹಾಗೆ, ಈ ಸುಳಿ ಯಾವಾಗಿಂದ, ಈ ಗೆರೆ ನೋಡು — ಎನ್ನುತ್ತಾ ನೋಡುತ್ತಿದ್ದಾಳೆ, ಎದುರಿನ ಕನ್ನಡಿಯಲ್ಲಿ ಅವಳ ಕತ್ತು, ಅದೇ ಕನ್ನಡಿಯಲ್ಲಿ ನನ್ನ ಭುಜದ ಮೇಲಿಂದ ಗಾಜಿನವನ ಕೈಯಲ್ಲಿನ ಚಿತ್ರ, ಅಲ್ಲೂ ಎಡಕ್ಕೆ ತಿರುಗಿದ ಸುಳಿ, ಅಲ್ಲೂ ಎರಡು ಗೆರೆ, ಮಾತು ನಡುವಿನಲ್ಲೇ ನಿಂತಿತು. ಅಕ್ಕನ ಮಾತು ನಿಂತಾಗ ಅಂಗಡಿಯಲ್ಲಿ ಇಷ್ಟೊಂದು ಜಾಗವಿದೆಯೆಂದು ನನಗೆ ಗೊತ್ತಿರಲಿಲ್ಲ. ಅದು ಯಾರದೇ, ಮೆಲ್ಲಗೆ ಕೇಳಿದಳು. ನಾನು ಬಗ್ಗಿದೆ, ಆ ಎರಡು ಗೆರೆಗೆ ಊದಿದೆ, ಫೂ, ಅಕ್ಕನ ಭುಜಗಳೆರಡೂ ಕಿವಿಯವರೆಗೆ ಹಾರಿದವು, ಅಪ್ಪನವು ಹಾರುತ್ತಿದ್ದ ಹಾಗೇ, ಕುರ್ಚಿ ಸರ್ರನೆ ಆ ಕಡೆ ಈ ಕಡೆ ವಾಲಿತು, ಅವಳ ಕೈ ಎದುರಿಗಿಲ್ಲದ ಸೈಕಲ್ ಹ್ಯಾಂಡಲ್ಲನ್ನು ಹಿಡಿಯಿತು, ನಿಜವಾಗಿಯೂ ಹಿಡಿಯಿತು, ನಾನು ಕಂಡೆ. ನೀನಾ, ಅಂದಳು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, ಅದು ನೀನಾ, ದಿನಾ, ಅಪ್ಪ ಅಷ್ಟು ವಾಲಾಡಿಸ್ತಿದ್ದದ್ದು, ನಾನು ಅಮ್ಮನ ಹತ್ರ ಬೈಸ್ತಿದ್ನಲ್ಲೇ — ಕಣ್ಣು ತುಂಬಿ ಬಂದವು ಅವಳಿಗೆ, ನಗುವೂ ಬಂತು, ಎರಡೂ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಮೇಡಂ, ಇಳಿಸ್ಲಾ ಬೇಡ್ವಾ ಹೇಳಿ, ಕೈ ನೋಯ್ತಿದೆ, ಗಾಜಿನವನು ಹಿಂದಿನಿಂದ, ಅಕ್ಕ ತಿರುಗಲಿಲ್ಲ, ಕೈ ಎತ್ತಿದಳು, ಸ್ವಲ್ಪ ಸುಮ್ನಿರಪ್ಪ, ಅವಳು ಏನೋ ಹೇಳ್ತಿದಾಳೆ. ನಾನು ಬಾಯಿ ತೆರೆದಿಲ್ಲ. ಅವನು ಅಪ್ಪನನ್ನು ಮತ್ತೆ ಮೊಳೆಗೆ ತೂಗುಹಾಕುವ ಸದ್ದು, ಟಕ್. ಅಕ್ಕ ತಾನಾಗಿಯೇ ತಲೆ ಬಗ್ಗಿಸಿದ್ದಾಳೆ, ಇನ್ನೊಂದು ಸಲ ಎನ್ನುವ ಹಾಗೆ, ಸುಳಿ, ಎಡಕ್ಕೆ, ಅದರ ಕೆಳಗೆ ಎರಡು ಗೆರೆ, ಗೆರೆಯಲ್ಲಿ ಇನ್ನೂ ಒಂದಿಷ್ಟು ಪುಡಿ, ಕೂದಲೋ, ಮರದ ಹೊಟ್ಟೋ, ಎರಡು ಗೆರೆ, ಹೊಟ್ಟು, ನನ್ನ ತುಟಿ ಊದಲೆಂದು ದುಂಡಗಾಗಿ ನಿಂತಿದೆ, ಎರಡು ಗೆರೆ